ಎರಡೂವರೆ ಲಕ್ಷ ಕಿಲೋಮೀಟರ್ ದಾಟಿದ ಎಸ್‌ಯುವಿ: ಯಾವ ರಿಪೇರಿ ಮಾಡಿಸಿದೆ, ಯಾವುದನ್ನು ಬಿಟ್ಟೆ

ನನ್ನದು ಏಳು ಸೀಟಿನ ಡೀಸೆಲ್ ಎಸ್‌ಯುವಿ. ಲ್ಯಾಡರ್ ಫ್ರೇಮ್ (ಬಾಡಿಯ ಕೆಳಗೆ ಏಣಿಯಂಥ ಉಕ್ಕಿನ ಚೌಕಟ್ಟು), ಮ್ಯಾನ್ಯುಯಲ್ ಗೇರ್, ಬೇಕೆಂದಾಗ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಾಗ ಮೀಟರ್ 1,90,000 ಕಿ.ಮೀ. ತೋರಿಸುತ್ತಿತ್ತು. ಈಗ 2,70,000ದ ಹತ್ತಿರ ಬಂದಿದೆ. ಇಷ್ಟು ಓಡಿದ ಗಾಡಿಯ ಬಗ್ಗೆ ಬರೆಯುವಾಗ ಪಿಕಪ್ ಹೇಗಿದೆ, ಸೀಟು ಹೇಗಿದೆ ಎನ್ನುವುದು ಅಷ್ಟು ಮುಖ್ಯ ಅಲ್ಲ. ಏನೇನು ಕೆಟ್ಟಿತು, ಅದರಲ್ಲಿ ಯಾವುದಕ್ಕೆ ದುಡ್ಡು ಹಾಕಿದರೆ ಗಾಡಿ ಉಳಿಯುತ್ತದೆ, ಯಾವುದನ್ನು ಧೈರ್ಯವಾಗಿ ಬಿಡಬಹುದು ಎನ್ನುವುದೇ ಮುಖ್ಯ. ಅದನ್ನೇ ಬರೆಯುತ್ತಿದ್ದೇನೆ.

ಗಾಡಿ ನನಗೆ ತುಂಬಾ ಇಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಜಿನ್ ಇನ್ನೂ ಗಟ್ಟಿಯಾಗಿದೆ. ಗೇರ್‌ಬಾಕ್ಸ್ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಫ್ರೇಮ್‌ಗೆ ತುಕ್ಕು ಹತ್ತಿಲ್ಲ. ಕೆಟ್ಟಿದ್ದೆಲ್ಲ ಹೆಚ್ಚುಕಡಿಮೆ ರಬ್ಬರು, ಪ್ಲಾಸ್ಟಿಕ್, ಸೀಲು, ಬೇರಿಂಗು. ಜಾಸ್ತಿ ಓಡಿದ ಗಾಡಿ ಎಂದರೆ ಎಲ್ಲರೂ ಇಂಜಿನ್ ಬಗ್ಗೆಯೇ ಹೆದರುತ್ತಾರೆ. ಆದರೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡು ಬಂದ ಡೀಸೆಲ್ ಇಂಜಿನ್ ಸುಮ್ಮಸುಮ್ಮನೆ ಸಾಯುವುದಿಲ್ಲ. ಪಕ್ಕದಲ್ಲಿರುವ ಸಣ್ಣ ಪಾರ್ಟ್ ಒಂದು ಕೈಕೊಟ್ಟು, ಅದು ಇಂಜಿನ್ನನ್ನೂ ಎಳೆದುಕೊಂಡು ಹೋಗುವುದೇ ಜಾಸ್ತಿ.

ಗಾಡಿ ಬಂದ ಕೂಡಲೇ ಲಿಫ್ಟ್ ಮೇಲೆ ಹಾಕಿಸಿ, ಪೂರ್ತಿ ನೋಡಿಸಿ, ಪಟ್ಟಿ ಬರೆಸಿದೆ. ಪುಟ ತುಂಬಿತು. ಎಲ್ಲವನ್ನೂ ಮಾಡಿಸಿದ್ದರೆ ಗಾಡಿಗೆ ಕೊಟ್ಟ ದುಡ್ಡಿನ ದೊಡ್ಡ ಪಾಲು ಮತ್ತೆ ಸುರಿಯಬೇಕಿತ್ತು. ಹಾಗಾಗಿ ಪ್ರತಿ ಸಾಲಿನ ಎದುರೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದು ಕೆಟ್ಟರೆ ತನ್ನ ಜೊತೆಗೆ ಇನ್ನೇನನ್ನು ಕೆಡಿಸುತ್ತದೆ? ಈ ಪ್ರಶ್ನೆ ಕೇಳಿದ ಕೂಡಲೇ ಪಟ್ಟಿ ತಲೆಕೆಳಗಾಗುತ್ತದೆ. ದೊಡ್ಡ ಸದ್ದು ಮಾಡುವ ಎಷ್ಟೋ ಪಾರ್ಟುಗಳು ಕೆಳಗೆ ಇಳಿಯುತ್ತವೆ. ಸದ್ದೇ ಮಾಡದ ಕೆಲವು ಮೇಲೆ ಬರುತ್ತವೆ. ಬಾಗಿಲ ಲೈನಿಂಗ್ ಇಡೀ ದಿನ ಗಡಗಡ ಅಂದರೂ ಅದರಿಂದ ಬೇರೆ ಏನೂ ಹಾಳಾಗುವುದಿಲ್ಲ. ಇಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟ್‌ನ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪಾರ್ಟ್) ಒಳಗೊಳಗೇ ಸವೆಯುತ್ತಿದ್ದರೆ ಡ್ರೈವರ್ ಸೀಟಿನಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಟೈಮಿಂಗ್ ಬೆಲ್ಟ್. ಹಿಂದಿನ ಮಾಲೀಕರು ಬದಲಾಯಿಸಿದ್ದೇವೆ ಅಂದಿದ್ದರು. ಬಿಲ್ ಇರಲಿಲ್ಲ. ಬಿಲ್ ಇಲ್ಲ ಎಂದರೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಇದರಲ್ಲಿ ಮುಲಾಜು ಇಟ್ಟುಕೊಳ್ಳಬಾರದು. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವ್‌ಗೂ ಅದಕ್ಕೂ ನಡುವೆ ಉಳಿಯುವ ಜಾಗ ತೀರಾ ಕಮ್ಮಿ. ಇಂಜಿನ್ 3,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ವಾಲ್ವ್ ತೆರೆಯುವ ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ಅಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಬೆಲ್ಟ್ ಕಿತ್ತರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್‌ಗಳಿಗೆ ಸೇರಿದ ಕ್ರ್ಯಾಂಕ್ ಇನ್ನೂ ತಿರುಗುತ್ತಲೇ ಇರುತ್ತದೆ. ತೆರೆದುಕೊಂಡೇ ನಿಂತ ವಾಲ್ವ್‌ಗೆ ಪಿಸ್ಟನ್ ಬಂದು ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ರಾಕರ್ ಮುರಿಯುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ. ಒಂದು ರಬ್ಬರ್ ಬೆಲ್ಟ್‌ನಿಂದ ಹೆಡ್, ಅಂದರೆ ವಾಲ್ವ್‌ಗಳಿರುವ ಇಂಜಿನ್‌ನ ಮೇಲ್ಭಾಗ, ಪೂರ್ತಿ ಬಿಚ್ಚುವ ಪರಿಸ್ಥಿತಿ ಬರುತ್ತದೆ.

ಕವರ್ ತೆಗೆದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು. ಬಿರುಕಿಲ್ಲ, ಹಲ್ಲು ಹೋಗಿಲ್ಲ. ಈಗಿನ ಬೆಲ್ಟ್‌ಗಳ ರಬ್ಬರು ಕೊನೆಯವರೆಗೂ ಹಾಗೇ ಕಾಣುತ್ತದೆ, ಕಣ್ಣಲ್ಲಿ ನೋಡಿ ಆಯಸ್ಸು ಹೇಳಲು ಆಗುವುದಿಲ್ಲ. ಆದರೆ ಬೆಲ್ಟ್ ಹಾದುಹೋಗುವ ಐಡ್ಲರ್ ಪುಲ್ಲಿಯನ್ನು ಕಳಚಿ ಬೆರಳಲ್ಲಿ ತಿರುಗಿಸಿದಾಗ ಒಣ ಸದ್ದು ಬಂತು. ಒಳಗಿನ ಗ್ರೀಸ್ ಪೂರ್ತಿ ಆರಿಹೋಗಿತ್ತು. ಹೊಸ ಪುಲ್ಲಿ ತಿರುಗಿಸಿದರೆ ಸ್ವಲ್ಪ ತಡೆ ಸಿಗುತ್ತದೆ, ಸದ್ದಿಲ್ಲದೆ ನಿಲ್ಲುತ್ತದೆ. ಇದು ಸರ್ರನೆ ತಿರುಗುತ್ತಲೇ ಇತ್ತು. ವಾಟರ್ ಪಂಪ್‌ನ ಸಣ್ಣ ತೂತಿನ ಕೆಳಗೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಒಣಗಿ ಬಿಳಿ ಪದರ ಕಟ್ಟಿತ್ತು. ಆ ತೂತು ಇರುವುದೇ ಅದಕ್ಕೆ. ಒಳಗಿನ ಸೀಲ್ ಹೋದರೆ ಕೂಲಂಟ್ ಬೇರಿಂಗ್‌ಗೆ ನುಗ್ಗದೆ ಅಲ್ಲಿಂದ ಹೊರಗೆ ಬರಲಿ ಅಂತ. ಬೆಲ್ಟ್ ಒಂದನ್ನೇ ಬದಲಾಯಿಸಿ ಇವೆರಡನ್ನೂ ಹಾಗೇ ಬಿಟ್ಟಿದ್ದರೆ ಹೊಸ ಬೆಲ್ಟ್ ಹಾಕಿಯೂ ಪ್ರಯೋಜನ ಇರುತ್ತಿರಲಿಲ್ಲ. ಬೆಲ್ಟ್, ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಕ್ಯಾಮ್ ಸೀಲ್, ಮುಂದಿನ ಕ್ರ್ಯಾಂಕ್ ಸೀಲ್, ಎಲ್ಲ ಒಟ್ಟಿಗೆ ಹಾಕಿಸಿದೆ. ಇದರಲ್ಲಿ ಲೇಬರ್ರೇ ದೊಡ್ಡದು. ಒಮ್ಮೆ ಬಿಚ್ಚಿದ ಮೇಲೆ ಅಲ್ಲಿರುವ ಸವೆಯುವ ಪಾರ್ಟ್‌ಗಳನ್ನೆಲ್ಲ ಬದಲಾಯಿಸಿ ಮುಚ್ಚಬೇಕು.

ನಿಮ್ಮ ಗಾಡಿಯಲ್ಲಿ ಬೆಲ್ಟ್ ಬದಲು ಚೈನ್ ಇದ್ದರೆ ಚಿಂತೆಯೇ ಇಲ್ಲ ಅಂತ ಹಲವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಚೈನ್ ಕೂಡ ಸವೆದು ಉದ್ದ ಆಗುತ್ತದೆ, ಅದರ ಪ್ಲಾಸ್ಟಿಕ್ ಗೈಡ್ ಒಡೆಯುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಮುಂಭಾಗದಿಂದ ಗಲಗಲ ಸದ್ದು ಬಂದರೆ ಆ ಸದ್ದನ್ನು ಮಾತ್ರ ಕಡೆಗಣಿಸಬೇಡಿ.

ಎರಡನೆಯದು ಕೂಲಿಂಗ್. ಜಾಸ್ತಿ ಓಡಿದ ಗಾಡಿಗಳನ್ನು ಬೇರೆ ಎಲ್ಲಕ್ಕಿಂತ ಹೆಚ್ಚು ಕೊಲ್ಲುವುದು ಬಿಸಿ ಅಂತ ನನ್ನ ನಂಬಿಕೆ. ಅಲ್ಯುಮಿನಿಯಂ ಹೆಡ್ ಒಮ್ಮೆ ಕಾದು ಸೊಟ್ಟಗಾದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹೋಯಿತು. ಆಮೇಲೆ ಕೂಲಂಟ್ ಆಯಿಲ್‌ಗೆ ಸೇರಿದರೆ ಬೇರಿಂಗ್‌ಗಳೂ ಹೋದವು. ಡ್ಯಾಶ್‌ಬೋರ್ಡ್‌ನ ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಬಹಳ ಗಾಡಿಗಳಲ್ಲಿ ಅದು ನಿಜವಾದ ಬಿಸಿಯನ್ನು ಹಾಗೇ ತೋರಿಸುವುದಿಲ್ಲ. ಸ್ವಲ್ಪ ಏರಿಳಿದರೂ ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಮುಳ್ಳು ಮೇಲೇರುವ ಹೊತ್ತಿಗೆ ತಡವಾಗಿರಬಹುದು. ಕೂಲಂಟ್ ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತು ತಪ್ಪು ಲೆಕ್ಕ ಕೊಡುತ್ತದೆ. ನಾನು ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ಪೋರ್ಟ್‌ಗೆ ಸಣ್ಣ ಸ್ಕ್ಯಾನರ್ ಹಾಕಿ ಫೋನ್‌ನಲ್ಲಿ ನಿಜವಾದ ಡಿಗ್ರಿ ನೋಡುತ್ತೇನೆ. ಇಷ್ಟು ವರ್ಷದ ಗಾಡಿಗೆ ಹಾಕಿದ ದುಡ್ಡಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ.

ಕೂಲಂಟ್ ಟ್ಯಾಂಕ್‌ನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟು, ಇಂಜಿನ್ ಪೂರ್ತಿ ತಣ್ಣಗಾಗಿದ್ದಾಗ ಮಾತ್ರ ನೋಡುತ್ತಿದ್ದೆ. ನಿಧಾನಕ್ಕೆ ಇಳಿಯುತ್ತಿತ್ತು. ಕೆಳಗೆ ಎಲ್ಲೂ ತೊಟ್ಟಿಕ್ಕಿದ ಗುರುತಿಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಹೆಡ್ ಗ್ಯಾಸ್ಕೆಟ್ ಅಂತ ಗಾಬರಿ ಬೀಳುತ್ತಾರೆ. ಗಾಬರಿ ಬೀಳುವ ಮೊದಲು ಎರಡು ಪರೀಕ್ಷೆ ಇವೆ. ಒಂದು, ತಣ್ಣಗಿರುವ ಇಂಜಿನ್‌ಗೆ ಕೈಪಂಪಿನಿಂದ ಪ್ರೆಶರ್ ಕೊಟ್ಟು ಅದು ಇಳಿಯುತ್ತಾ ನೋಡುವುದು. ಇನ್ನೊಂದು, ಟ್ಯಾಂಕ್ ಬಾಯಿಯಿಂದ ಗಾಳಿ ಎಳೆದು ನೀಲಿ ದ್ರವದ ಮೂಲಕ ಹಾಯಿಸುವುದು. ಹೆಡ್ ಗ್ಯಾಸ್ಕೆಟ್ ಸೋರಿ ಸುಟ್ಟ ಗ್ಯಾಸ್ ಕೂಲಂಟ್‌ಗೆ ಬರುತ್ತಿದ್ದರೆ ಆ ದ್ರವದ ಬಣ್ಣ ಬದಲಾಗುತ್ತದೆ. ನನ್ನ ಗಾಡಿಯಲ್ಲಿ ಬಣ್ಣ ಬದಲಾಗಲಿಲ್ಲ. ಹೋಗಿದ್ದು ಟ್ಯಾಂಕ್‌ನ ಕ್ಯಾಪ್. ಕ್ಯಾಪ್ ಬರೀ ಮುಚ್ಚಳ ಅಲ್ಲ. ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಒತ್ತಡ ಇದ್ದರೆ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಒತ್ತಡ ನಿಲ್ಲದಿದ್ದರೆ 100ರ ಹತ್ತಿರವೇ ಕುದಿಯುತ್ತದೆ, ಆವಿಯಾಗಿ ಹೋಗುತ್ತದೆ. ಕ್ಯಾಪ್ ಹೊಸದು ಹಾಕಿದ ಮೇಲೆ ಗೆರೆ ಇದ್ದಲ್ಲೇ ನಿಂತಿದೆ. ಅದರ ಜೊತೆಗೇ ಥರ್ಮೋಸ್ಟಾಟ್, ಮೇಲಿನ ಕೆಳಗಿನ ಹೋಸ್‌ಗಳು, ಕೂಲಂಟ್ ಬದಲಾಯಿಸಿಬಿಟ್ಟೆ. ರೇಡಿಯೇಟರ್ ಮುಟ್ಟಲಿಲ್ಲ. ಫಿನ್‌ಗಳು ಉದುರಿರಲಿಲ್ಲ, ಪ್ಲಾಸ್ಟಿಕ್ ಅಂಚಿನಲ್ಲಿ ಬಿರುಕಿರಲಿಲ್ಲ.

ಬ್ರೇಕು, ಟೈರು, ಸ್ಟೇರಿಂಗ್‌ಗೆ ಸೇರಿದ ಪಾರ್ಟುಗಳ ಬಗ್ಗೆ ಚರ್ಚೆಯೇ ಬೇಡ. ಅವು ಕೆಟ್ಟರೆ ಜೊತೆಗೆ ಹೋಗುವುದು ಒಳಗೆ ಕೂತವರು. ಪ್ಯಾಡ್ 3 ಮಿ.ಮೀ.ಗೆ ಬಂದರೆ ಬದಲಾಯಿಸಿ. ಡಿಸ್ಕ್ ಎಷ್ಟು ದಪ್ಪ ಉಳಿದಿರಬೇಕು ಎಂಬುದು ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೆತ್ತಿರುತ್ತದೆ, ಅಳೆಸಿ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ಟನ್ನಿನ ಗಾಡಿ ತುಂಬಿಸಿಕೊಂಡು ಉದ್ದ ಇಳಿಜಾರಲ್ಲಿ ಬರುವಾಗ ಆ ವ್ಯತ್ಯಾಸ ಪೆಡಲ್‌ನಲ್ಲೇ ಗೊತ್ತಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಟೈರ್ ಕಮ್ಮಿ ಓಡಿದ್ದು ಮೇಲಿನ ಪಟ್ಟೆ ಸವೆಯದೆ ಉಳಿದಿದ್ದರೂ ರಬ್ಬರ್ ಗಡಸಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯ ಸ್ಟೆಪ್ನಿಯನ್ನು ಇಳಿಸಿ ಅದರ ಅಂಕಿಯನ್ನೂ ಓದಿ.

ಚಕ್ರವನ್ನು ಸಸ್ಪೆನ್ಷನ್‌ಗೆ ಸೇರಿಸುವ ಕೀಲು, ಅಂದರೆ ಕೆಳಗಿನ ಬಾಲ್ ಜಾಯಿಂಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮುಂದಿನ ಚಕ್ರದ ಕಡೆಯಿಂದ ಸಣ್ಣ ಗುಂಡಿಯಲ್ಲೂ ಟಕ್ ಟಕ್ ಬರುತ್ತಿತ್ತು. ಸ್ಟೆಬಿಲೈಸರ್ ಲಿಂಕ್ ಇರಬೇಕು, ಪರವಾಗಿಲ್ಲ ಓಡಿಸಿ ಅಂತ ಒಂದು ಕಡೆ ಹೇಳಿದರು. ಲಿಂಕ್ ಆಗಿದ್ದರೆ ಓಡಿಸಬಹುದು. ಅದು ಮುರಿದರೂ ತಿರುವಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ಅಷ್ಟೇ. ಆದರೆ ಅದೇ ಸದ್ದನ್ನು ಬಾಲ್ ಜಾಯಿಂಟ್ ಕೂಡ ಮಾಡುತ್ತದೆ, ಅದು ಕಳಚಿಕೊಂಡರೆ ಚಕ್ರವೇ ಸೊಟ್ಟಗಾಗಿ ಒಳಗೆ ಕುಸಿಯುತ್ತದೆ. ಆದ್ದರಿಂದ ಜಾಕ್ ಹಾಕಿ, ಕಬ್ಬಿಣದ ರಾಡ್‌ನಿಂದ ಮೀಟಿ ನೋಡಲೇಬೇಕು ಅಂತ ಪಟ್ಟು ಹಿಡಿದೆ. ರಬ್ಬರ್ ಬೂಟ್ ಹರಿದಿತ್ತು. ಒಳಗೆ ಗ್ರೀಸ್ ಇರಬೇಕಾದ ಜಾಗದಲ್ಲಿ ತುಕ್ಕಿನ ಬಣ್ಣದ ಪುಡಿ. ರಾಡ್ ಹಾಕಿ ಎತ್ತಿದಾಗ ಜಾಯಿಂಟ್ ಮೇಲೆ ಕೆಳಗೆ ಆಡುವುದು ಕಣ್ಣಿಗೇ ಕಾಣುತ್ತಿತ್ತು. ಎರಡೂ ಬದಿ ಬದಲಾಯಿಸಿ, ಅಲೈನ್‌ಮೆಂಟ್ ಮಾಡಿಸಿಕೊಂಡು ಹೊರಟೆ. ಸದ್ದು ಒಂದೇ, ಕಾರಣ ಬೇರೆ ಬೇರೆ. ಯಾವುದು ಎಂದು ಕೈಯಿಟ್ಟು ತೋರಿಸುವವರೆಗೂ ಯಾರೇ ಪರವಾಗಿಲ್ಲ ಅಂದರೂ ಒಪ್ಪಬೇಡಿ.

ಈಗ ನಾನು ಬಿಟ್ಟ ರಿಪೇರಿಗಳು. ಪಟ್ಟಿಯಲ್ಲಿ ಅತಿ ಹೆಚ್ಚು ಸಾಲು ಹಿಡಿದಿದ್ದು ಆಯಿಲ್ ಲೀಕ್. ಇಷ್ಟು ಓಡಿದ ಇಂಜಿನ್ ಸ್ವಲ್ಪ ಬೆವರುತ್ತದೆ. ಒದ್ದೆ ಧೂಳು ಅಂಟಿಕೊಂಡಿದೆ, ಆದರೆ ಹನಿ ಬೀಳುತ್ತಿಲ್ಲ ಅಂದರೆ ನಾನು ಒರೆಸಿ, ಫೋಟೋ ತೆಗೆದಿಟ್ಟು, ಮುಂದಿನ ಸರ್ವಿಸ್‌ನಲ್ಲಿ ಹೋಲಿಸಿ ನೋಡುತ್ತೇನೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯದಿದ್ದರೆ ಸಾಕು. ಆದರೆ ಆಯಿಲ್ ಎಲ್ಲಿ ಬೀಳುತ್ತಿದೆ ಎನ್ನುವುದು ಮುಖ್ಯ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಭಯ. ಟೈಮಿಂಗ್ ಬೆಲ್ಟ್ ಮೇಲೆ ಬಿದ್ದರೆ ರಬ್ಬರ್ ಊದಿಕೊಳ್ಳುತ್ತದೆ. ಕ್ಲಚ್ ಮೇಲೆ ಬಿದ್ದರೆ ಕ್ಲಚ್ ಜಾರುತ್ತದೆ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋಗೆ ಹೋಗುವ ಆಯಿಲ್ ಪೈಪ್ ಸೋರಿದರೆ ಒಂದು ದಿನವೂ ಕಾಯಬಾರದು. ನನ್ನ ಗಾಡಿಯಲ್ಲಿ ವಾಲ್ವ್ ಕವರ್ ಗ್ಯಾಸ್ಕೆಟ್ ಬೆವರುತ್ತಿತ್ತು, ಬದಲಾಯಿಸಲು ಸುಲಭ, ಬದಲಾಯಿಸಿದೆ. ಹಿಂದಿನ ಕ್ರ್ಯಾಂಕ್ ಸೀಲ್ ಕೂಡ ಬೆವರುತ್ತದೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಬಿಟ್ಟಿದ್ದೇನೆ.

ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ವಿಷಯದಲ್ಲಿ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಐಡಲ್‌ನಲ್ಲಿ ನಡುಕ, ಸ್ವಲ್ಪ ಕಪ್ಪು ಹೊಗೆ ಕಂಡರೆ ಸಾಕು, ನಾಲ್ಕೂ ಇಂಜೆಕ್ಟರ್ ಬದಲಾಯಿಸಿ ಅನ್ನುತ್ತಾರೆ. ಅದಕ್ಕೆ ಮೊದಲು ಲೀಕ್ ಆಫ್ ಟೆಸ್ಟ್ ಮಾಡಿಸಿ. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪ್‌ಗೆ ಒಂದೊಂದು ಸಣ್ಣ ಬಾಟಲಿ ಜೋಡಿಸಿ ಇಂಜಿನ್ ಓಡಿಸುತ್ತಾರೆ. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ನನ್ನ ಗಾಡಿಯಲ್ಲಿ ನಾಲ್ಕೂ ಬಾಟಲಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದವು. ಆದರೆ ಒಂದು ಇಂಜೆಕ್ಟರ್‌ನ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿಯಾಗಿ ಕೂತಿತ್ತು, ಕಿವಿಗೊಟ್ಟರೆ ಚುಸ್ ಚುಸ್ ಸದ್ದು. ಕೆಳಗಿನ ತಾಮ್ರದ ವಾಷರ್ ಸೋರುತ್ತಿತ್ತು. ಪಾರ್ಟ್ ಅಂದರೆ ಒಂದು ಉಂಗುರ, ಅಷ್ಟೇ. ಅದನ್ನು ಬಿಟ್ಟರೆ ಬಿಸಿ ಗ್ಯಾಸ್ ಹೆಡ್‌ನಲ್ಲಿ ಇಂಜೆಕ್ಟರ್ ಕೂರುವ ಜಾಗವನ್ನೇ ತಿನ್ನುತ್ತದೆ. ಕೆಲವು ಇಂಜಿನ್‌ಗಳಲ್ಲಿ ಆ ಮಸಿ ಆಯಿಲ್‌ಗೆ ಸೇರಿ ಸಂಪ್‌ನೊಳಗಿನ (ಇಂಜಿನ್ ತಳದ ಆಯಿಲ್ ಪಾತ್ರೆಯ) ಜಾಲರಿ ಕಟ್ಟಿಕೊಳ್ಳುತ್ತದೆ. ಆಯಿಲ್ ಮೇಲೆ ಬರುವುದಿಲ್ಲ, ಟರ್ಬೋ ಹೋಗುತ್ತದೆ, ಬೇರಿಂಗ್ ಹೋಗುತ್ತದೆ. ಹಾಗಾಗಿ ಈ ಉಂಗುರ ನನ್ನ ಪಟ್ಟಿಯಲ್ಲಿ ಇಂಜೆಕ್ಟರ್‌ಗಿಂತ ಎಷ್ಟೋ ಮೇಲೆ ಹೋಯಿತು. ನಾಲ್ಕಕ್ಕೂ ಹೊಸ ವಾಷರ್ ಹಾಕಿಸಿ, ಸೀಟ್ ಕ್ಲೀನ್ ಮಾಡಿಸಿದೆ.

ಟರ್ಬೋ ಬಗ್ಗೆಯೂ ಇದೇ ಮಾತು. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್ ಬಂತು. ಬೂಸ್ಟ್, ಅಂದರೆ ಟರ್ಬೋ ಒತ್ತಿ ಕಳಿಸುವ ಗಾಳಿ, ಸಾಲುತ್ತಿಲ್ಲ ಎಂದು ಅದರ ಅರ್ಥ. ಟರ್ಬೋ ಕೆಟ್ಟಿದೆ ಅಂತ ಆ ಕೋಡ್ ಹೇಳುವುದಿಲ್ಲ. ಇಂಟರ್‌ಕೂಲರ್ ಹೋಸ್ ಸೀಳಿರಬಹುದು, ವ್ಯಾಕ್ಯೂಮ್ ಪೈಪ್ ತೂತಾಗಿರಬಹುದು, ಟರ್ಬೋ ಒಳಗಿನ ವೇನ್‌ಗಳಿಗೆ ಮಸಿ ಹಿಡಿದಿರಬಹುದು, ಸೆನ್ಸರ್ ಕೊಳಕಾಗಿರಬಹುದು. ಇಲ್ಲಿ ಹೋಸ್ ಕ್ಲಾಂಪ್ ಹತ್ತಿರ ಸೀಳಿತ್ತು. ಸೀಳಿದ ಜಾಗದ ಸುತ್ತ ಆಯಿಲ್ ಮಂಜಿನ ಕಲೆ ಇದ್ದಿದ್ದರಿಂದ ಬೇಗ ಸಿಕ್ಕಿತು. ಹೋಸ್ ಬದಲಾದ ಮೇಲೆ ಪಿಕಪ್ ವಾಪಸ್ ಬಂತು, ಕೋಡ್ ಮತ್ತೆ ಬಂದಿಲ್ಲ.

ಫೋರ್ ವೀಲ್ ಡ್ರೈವ್ ಇರುವವರು ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಮತ್ತು ಎರಡೂ ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಿ. ಬಹಳ ಗಾಡಿಗಳಲ್ಲಿ ಇವನ್ನು ಯಾರೂ ಮುಟ್ಟಿರುವುದೇ ಇಲ್ಲ. ಸಣ್ಣ ಖರ್ಚು, ಕೆಟ್ಟರೆ ಮಾತ್ರ ತುಂಬಾ ದೊಡ್ಡದು.

ಹಿಂದಿನ ಏಸಿ ವೆಂಟ್, ಪವರ್ ಮಿರರ್, ಮಾಸಿದ ಹೆಡ್‌ಲೈಟ್ ಗ್ಲಾಸ್, ಸವೆದ ಸೀಟ್ ಕವರ್, ಬಂಪರ್ ಗೀಚು. ಇವುಗಳಲ್ಲಿ ಹೆಡ್‌ಲೈಟ್ ಒಂದನ್ನು ಪಾಲಿಶ್ ಮಾಡಿಸಿದೆ, ರಾತ್ರಿ ಕಾಣಬೇಕಲ್ವಾ. ಉಳಿದವು ಹಾಗೇ ಇವೆ.

ಪಾರ್ಟ್ ವಿಷಯದಲ್ಲಿ ನನ್ನ ಕ್ರಮ ಸರಳ. ಇಂಜಿನ್ ಉಳಿಸುವ ಪಾರ್ಟ್, ಜೀವ ಉಳಿಸುವ ಪಾರ್ಟ್ ಒರಿಜಿನಲ್ಲೇ ಆಗಬೇಕು, ಇಲ್ಲವೇ ಕಂಪನಿಗೇ ಸಪ್ಲೈ ಮಾಡುವ ತಯಾರಕರದ್ದಾಗಬೇಕು. ಮಿರರ್, ಬಾಗಿಲ ಹ್ಯಾಂಡಲ್, ಸ್ವಿಚ್‌ಗಳನ್ನು ಗುಜರಿಯಿಂದ ತಂದರೂ ತೊಂದರೆ ಇಲ್ಲ. ಟೈಮಿಂಗ್ ಕಿಟ್, ಬ್ರೇಕ್ ಹೋಸ್, ಬಾಲ್ ಜಾಯಿಂಟ್ ಹಳೆಯದನ್ನು ತರಬೇಡಿ.

ಇಷ್ಟು ಖರ್ಚು ಮಾಡುವ ಬದಲು ಮಾರಬಾರದಾ ಎಂದು ಮನೆಯಲ್ಲೂ ಕೇಳಿದರು. ನ್ಯಾಯವಾದ ಪ್ರಶ್ನೆ. ರಿಪೇರಿ ಖರ್ಚನ್ನು ಗಾಡಿಯ ಮಾರುಕಟ್ಟೆ ಬೆಲೆಗೆ ಹೋಲಿಸುವುದು ಎಲ್ಲರ ರೂಢಿ. ನನಗೆ ಅದು ಸರಿ ಕಾಣುವುದಿಲ್ಲ. ಮಾರಿ ಬಂದ ದುಡ್ಡಿಗೆ ಈ ರಿಪೇರಿ ದುಡ್ಡು ಸೇರಿಸಿದರೆ ಇದಕ್ಕಿಂತ ಒಳ್ಳೆ ಗಾಡಿ ಸಿಗುತ್ತಾ ಎಂದು ನೋಡಬೇಕು. ಸಿಗುವುದು ಬಹುತೇಕ ಇಷ್ಟೇ ಓಡಿದ ಇನ್ನೊಂದು ಗಾಡಿ. ಅದರ ಬೆಲ್ಟ್ ಯಾವಾಗ ಬದಲಾಗಿದೆ, ಕೂಲಂಟ್ ಎಲ್ಲಿ ಹೋಗುತ್ತಿದೆ ಎನ್ನುವುದು ನನಗೆ ಗೊತ್ತಿರುವುದಿಲ್ಲ. ಇದರ ಪ್ರತಿ ನಟ್ಟೂ ನನಗೆ ಗೊತ್ತು. ಹಾಗಂತ ಎಲ್ಲಿಯವರೆಗೂ ಸುರಿಯುತ್ತಲೇ ಇರಬೇಕು ಅಂತಲ್ಲ. ಮೂರು ವಿಷಯ ಬಂದರೆ ನಿಲ್ಲಿಸುತ್ತೇನೆ ಎಂದು ಮೊದಲೇ ಬರೆದಿಟ್ಟಿದ್ದೇನೆ. ಫ್ರೇಮ್‌ನಲ್ಲಿ, ಅದರಲ್ಲೂ ಸಸ್ಪೆನ್ಷನ್ ಕೂರುವ ಜಾಗದಲ್ಲಿ, ಸ್ಕ್ರೂ ಡ್ರೈವರ್ ಒತ್ತಿದರೆ ಒಳಗೆ ಹೋಗುವಷ್ಟು ತುಕ್ಕು. ಇಂಜಿನ್‌ನ ಕೆಳಗಿನಿಂದ ಬೇರಿಂಗ್ ಬಡಿಯುವ ಸದ್ದು. ಕಂಪ್ರೆಷನ್ ಟೆಸ್ಟ್‌ನಲ್ಲಿ ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕೆಳಗೆ ಬೀಳುವುದು. ಗಾಡಿ ಚೆನ್ನಾಗಿರುವಾಗಲೇ ಇದನ್ನು ಬರೆದಿಡುವುದು ಒಳ್ಳೆಯದು. ಗಾಡಿ ಬಿಚ್ಚಿ ಗ್ಯಾರೇಜ್‌ನಲ್ಲಿ ನಿಂತಿರುವಾಗ ಎಲ್ಲ ಖರ್ಚೂ ಇದೇ ಕೊನೆಯದು ಅನ್ನಿಸುತ್ತದೆ.

ತಾಳ್ಮೆ ಇರುವವರು, ಎರಡನೇ ಗಾಡಿ ಇರುವವರು, ಅಥವಾ ಒಂದೆರಡು ದಿನ ಗಾಡಿ ಇಲ್ಲದೆ ನಡೆಯುವವರು ಇಂಥದ್ದನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಕೊಳ್ಳುವ ದುಡ್ಡಿನ ಜೊತೆ ಮೊದಲ ವರ್ಷದ ರಿಪೇರಿಗೆ ಬೇರೆಯೇ ದುಡ್ಡು ತೆಗೆದಿಟ್ಟಿರಬೇಕು. ಅದು ಇಲ್ಲದಿದ್ದರೆ ಬೇಡ.

ಸದ್ಯಕ್ಕೆ ಬಾಕಿ ಇರುವುದು ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತು ಕ್ಲಚ್. ಶಾಕ್‌ಗಳಿಂದ ಆಯಿಲ್ ಹನಿಯಲು ಶುರುವಾಗಿದೆ. ಟೈರ್ ಅಲ್ಲಲ್ಲಿ ಸವೆಯುವ ಮೊದಲು ಬದಲಾಯಿಸುತ್ತೇನೆ. ಕ್ಲಚ್ ಈಗ ತೀರಾ ಮೇಲೆ ಹಿಡಿಯುತ್ತದೆ, ಆದರೆ ಮೇಲಿನ ಗೇರ್‌ನಲ್ಲಿ ಒತ್ತಿದಾಗ ಇನ್ನೂ ಜಾರುತ್ತಿಲ್ಲ. ಜಾರಲು ಶುರುವಾದ ದಿನ ಗೇರ್‌ಬಾಕ್ಸ್ ಇಳಿಯುತ್ತದೆ. ಅದೇ ಹೊತ್ತಿಗೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಹಾಕಿಸಿ, ಫ್ಲೈವೀಲ್ ನೋಡಿಸಿ, ಇಷ್ಟು ದಿನ ಬಿಟ್ಟಿದ್ದ ಹಿಂದಿನ ಕ್ರ್ಯಾಂಕ್ ಸೀಲನ್ನೂ ಬದಲಾಯಿಸುತ್ತೇನೆ. ಸೀಲ್ ಈಗಾಗಲೇ ತಂದಿಟ್ಟಿದ್ದೇನೆ.